ಅಗಲಿಕೆಯ ನಂತರದ ಬದುಕು: ನಡುವಯಸ್ಸಿನ ತಾಯಂದಿರೊಂದಿಗೆ ಕೆಲವು ಮಾತು

(ರೋಗಿಗಳು ಹಾಗೂ ಅವರ ಜೊತೆಗಾರರಿಗಾಗಿ ಆಸ್ಪತ್ರೆಯಲ್ಲಿ ಶುಶ್ರೂಷಾ ಶಿಕ್ಷಕಿಯೊಬ್ಬರು ನೀಡಿದ ಆರೋಗ್ಯ ಉಪನ್ಯಾಸದ ಬರಹ ರೂಪ)



ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಾಣಂತಿ ಆರೈಕೆ ಎಂದು ಮಾತನಾಡುವ ದಿನ ಇಲ್ಲಿ ಕುಳಿತವರು ಚೀಟಿ ತೆಗೆದು ಬರೆದುಕೊಳ್ಳುತ್ತೀರಿ, ಪ್ರಶ್ನೆ ಕೇಳುತ್ತೀರಿ. ಇಂದಿನ ವಿಷಯ ಸ್ವಲ್ಪ ಬೇರೆ. ನಲವತ್ತರಿಂದ ಅರವತ್ತರೊಳಗಿನ ವಯಸ್ಸಿನಲ್ಲಿ ಗಂಡನನ್ನೋ, ಬೆಳೆದು ನಿಂತ ಮಗನನ್ನೋ ಕಳೆದುಕೊಂಡ ಹೆಂಗಸು ಆಮೇಲೆ ಹೇಗೆ ಬದುಕುತ್ತಾಳೆ, ಅವಳ ಮೈಗೂ ಮನಸ್ಸಿಗೂ ಏನಾಗುತ್ತದೆ, ಆ ದುಃಖವನ್ನು ಹೊತ್ತುಕೊಂಡೇ ಅವಳು ಬೆಳೆಯುವುದು ಸಾಧ್ಯವೇ ಎಂಬುದು ಇಂದಿನ ಮಾತು. ಆಸ್ಪತ್ರೆಯಲ್ಲಿ ಸಾವಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಸಾವು ಆಗುವ ಜಾಗದಲ್ಲೇ ಅದರ ಮಾತಾಡದಿದ್ದರೆ ಇನ್ನೆಲ್ಲಿ ಆಡುವುದು?

ವಾರ್ಡಿನಲ್ಲಿ ಕೆಲಸ ಮಾಡುವವರ ಕಣ್ಣಿಗೆ ಬೀಳುವ ಒಂದು ಸಂಗತಿ ಇದೆ. ಗಂಡನಿಗೆ ಕಿಡ್ನಿ ತೊಂದರೆಯೋ ಲಿವರ್ ತೊಂದರೆಯೋ ಆಗಿ ವರ್ಷಗಟ್ಟಲೆ ಜೊತೆಯಲ್ಲಿ ಬರುವ ಹೆಂಡತಿಯ ಮುಖ ನಮಗೆಲ್ಲ ಪರಿಚಯವಾಗಿರುತ್ತದೆ. ಒಂದು ಕೈಯಲ್ಲಿ ಫೈಲು, ಇನ್ನೊಂದು ಕೈಯಲ್ಲಿ ಟಿಫನ್ ಕ್ಯಾರಿಯರ್, ಸೊಂಟಕ್ಕೆ ಸಿಕ್ಕಿಸಿದ ಸಣ್ಣ ಚೀಲದಲ್ಲಿ ಆಧಾರ್ ಜೆರಾಕ್ಸ್. ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಊಟವಾದ ಮೇಲೆ ಎಂದು ಡಾಕ್ಟರಿಗಿಂತ ಚೆನ್ನಾಗಿ ಆಕೆಗೆ ಗೊತ್ತು. ಒಂದು ದಿನ ಅವರು ಬರುವುದು ನಿಂತುಹೋಗುತ್ತದೆ. ಐದಾರು ತಿಂಗಳಾದ ಮೇಲೆ ಅದೇ ತಾಯಿ ಬೇರೆ ಚೀಟಿ ಹಿಡಿದು ಬರುತ್ತಾರೆ. ಈಗ ರೋಗಿ ಅವರೇ. ತಲೆನೋವು, ಮೈಕೈ ನೋವು, ರಾತ್ರಿ ಎರಡು ಗಂಟೆಗೆ ಎಚ್ಚರ, ಹೊಟ್ಟೆ ಹಸಿವಿಲ್ಲ. 'ಎದೆ ಮ್ಯಾಲೆ ಕಲ್ಲು ಮಡಗದಂಗೆ ಆಯ್ತದೆ ಸಿಸ್ಟರೇ' ಎನ್ನುತ್ತಾರೆ. ಪರೀಕ್ಷೆಗಳೆಲ್ಲ ಸರಿಯಾಗಿ ಬಂದರೆ ಜೊತೆಗೆ ಬಂದವರು, 'ಏನೂ ಇಲ್ಲವಂತೆ, ಸುಮ್ಮನೆ ಯೋಚನೆ ಮಾಡ್ತಾಳೆ' ಎಂದು ಕರೆದುಕೊಂಡು ಹೋಗುತ್ತಾರೆ.

ಏನೂ ಇಲ್ಲ ಎಂಬುದು ತಪ್ಪು. ಮೊದಲು ಮೈಯ ವಿಚಾರ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಪ್ರಾಣದ ಪ್ರಶ್ನೆ ಇದೆ.

1990ರಲ್ಲಿ ಜಪಾನಿನ ವೈದ್ಯರು ಹೃದಯದ ಒಂದು ತೊಂದರೆಯನ್ನು ಗುರುತಿಸಿದರು. ಹಠಾತ್ತನೆ ದೊಡ್ಡ ದುಃಖವೋ ಭಯವೋ ಎರಗಿದಾಗ ಹೃದಯದ ಎಡಭಾಗದ ಕೋಣೆ ದುರ್ಬಲವಾಗಿ ಉಬ್ಬುತ್ತದೆ. ಆ ಆಕಾರ ಅಲ್ಲಿನ ಬೆಸ್ತರು ಆಕ್ಟೋಪಸ್ ಹಿಡಿಯಲು ಬಳಸುವ ಮಡಕೆಯಂತೆ ಕಂಡದ್ದರಿಂದ ಅದಕ್ಕೆ 'ಟಾಕೊತ್ಸುಬೊ' ಎಂದು ಹೆಸರಾಯಿತು. ಎದೆನೋವು, ಉಸಿರು ಕಟ್ಟುವುದು, ಬೆವರು ಎಲ್ಲ ಹೃದಯಾಘಾತದ ಹಾಗೆಯೇ. ಈ ತೊಂದರೆಗೆ ಒಳಗಾಗುವವರಲ್ಲಿ ಹೆಚ್ಚಿನವರು ಮುಟ್ಟು ನಿಂತ ಹೆಂಗಸರು. ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುಪಾಲು ಜನ ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ನಮ್ಮ ಹಿರಿಯರು 'ಎದೆ ಒಡೆದುಹೋಯಿತು' ಎಂದದ್ದು ಬರೀ ಮಾತಲ್ಲ ಎಂದಾಯಿತಲ್ಲ. ಆದ್ದರಿಂದ ಸಾವಿನ ಮನೆಯಲ್ಲಿ ಹೆಂಗಸೊಬ್ಬಳು ಎದೆನೋವು ಎಂದರೆ 'ಅತ್ತೂ ಅತ್ತೂ ಹೀಗಾಗಿದೆ, ನೀರು ಕುಡಿಸಿ ಮಲಗಿಸಿ' ಎನ್ನಬೇಡಿ. ಮಣ್ಣಿಗೆ ಹೊರಡುವುದು ತಡವಾದರೂ ಚಿಂತೆಯಿಲ್ಲ, ಆಕೆಯನ್ನು ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ಅದು ದುಃಖವೋ ನಿಜವಾದ ಹೃದಯಾಘಾತವೋ ಎಂದು ಮುಖ ನೋಡಿ ಹೇಳಲು ಯಾರಿಗೂ ಸಾಧ್ಯವಿಲ್ಲ. ನನ್ನಿಂದಲೂ ಸಾಧ್ಯವಿಲ್ಲ.

ಎರಡನೆಯದು, ವಯಸ್ಸು. ನಮ್ಮ ದೇಶದಲ್ಲಿ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46-47ರ ಆಸುಪಾಸಿನಲ್ಲಿ. ಆಗ ಮೈ ಝುಮ್ಮೆಂದು ಬಿಸಿಯಾಗುವುದು, ರಾತ್ರಿ ಬೆವರು, ನಿದ್ದೆಗೇಡು, ಸಣ್ಣದಕ್ಕೂ ಅಳು, ಸಿಟ್ಟು. ಇದೇ ಸಮಯಕ್ಕೆ ಸಾವೂ ಬಂದರೆ ಯಾವುದು ದುಃಖದ್ದು, ಯಾವುದು ಮೈಯದ್ದು ಎಂದು ಬಿಡಿಸುವುದು ಕಷ್ಟ. ಬಿಡಿಸಬೇಕಾದವರು ವೈದ್ಯರು, ನೀವಲ್ಲ. ನೀವು ಮಾಡಬೇಕಾದದ್ದು ಎರಡನ್ನೂ ಅವರಿಗೆ ಹೇಳುವುದು. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ, ಮನೆಯಲ್ಲಿ ಯಾರ ತಿಥಿಯೇ ಇರಲಿ, ಅದೇ ವಾರ ತೋರಿಸಿ.

ಇನ್ನು ಮಾತ್ರೆ. ಗಂಡನ ಬಿಪಿ ಮಾತ್ರೆಯನ್ನು ಹತ್ತು ವರ್ಷ ಹೊತ್ತಿಗೆ ಸರಿಯಾಗಿ ಕೊಟ್ಟವರು, ಅವರು ಹೋದ ಮೇಲೆ ತಮ್ಮ ಬಿಪಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಯಾಕಮ್ಮ ಎಂದರೆ, 'ಇನ್ಯಾರಿಗೋಸ್ಕರ?' ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಒಬ್ಬರಿಗಾಗಿ ಅಡುಗೆ ಏಕೆ ಎಂದು ಬೆಳಿಗ್ಗೆ ಮಾಡಿದ ಅನ್ನಕ್ಕೆ ರಾತ್ರಿ ಮಜ್ಜಿಗೆ ಹಾಕಿಕೊಂಡು ಮುಗಿಸುವವರೂ ಇದ್ದಾರೆ. ಆರು ತಿಂಗಳಲ್ಲಿ ರಕ್ತ ಕಡಿಮೆ, ನಿಶ್ಶಕ್ತಿ, ತಲೆಸುತ್ತು. ಮೈ ಇಷ್ಟು ಸೋತಿರುವಾಗ ಮನಸ್ಸು ಏಳಲಿ ಎಂದರೆ ಎಲ್ಲಿಂದ ಏಳಬೇಕು?

ಮನಸ್ಸಿನ ವಿಚಾರಕ್ಕೆ ಬರೋಣ. ದುಃಖಕ್ಕೆ ಐದು ಮೆಟ್ಟಿಲು ಇವೆ, ಒಂದೊಂದಾಗಿ ಹತ್ತಿ ಕೊನೆಗೆ ಸಮಾಧಾನಕ್ಕೆ ಬರುತ್ತೇವೆ ಎಂದು ಕೆಲವರು ಓದಿರಬಹುದು, ನಮ್ಮ ನರ್ಸಿಂಗ್ ವಿದ್ಯಾರ್ಥಿನಿಯರೂ ಪರೀಕ್ಷೆಯಲ್ಲಿ ಬರೆಯುತ್ತಾರೆ. ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ 1969ರಲ್ಲಿ ಇದನ್ನು ಬರೆದದ್ದು ತಾವೇ ಸಾಯಲಿರುವ ರೋಗಿಗಳನ್ನು ಮಾತನಾಡಿಸಿ. ಉಳಿದವರ ದುಃಖ ಮೆಟ್ಟಿಲು ಹತ್ತಿದ ಹಾಗೆ ಸಾಗುವುದಿಲ್ಲ. ನೆದರ್ಲೆಂಡ್ಸ್ ದೇಶದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶೂಟ್ ಎಂಬ ಇಬ್ಬರು 1999ರಲ್ಲಿ ಹೇಳಿದ್ದು ನಮ್ಮ ಅನುಭವಕ್ಕೆ ಹತ್ತಿರ. ಮನಸ್ಸು ಉಯ್ಯಾಲೆಯ ಹಾಗೆ. ಒಮ್ಮೆ ಹೋದವರ ಕಡೆಗೆ ಜೀಕುತ್ತದೆ, ಫೋಟೋ ನೋಡಿ ಅಳುತ್ತದೆ. ಇನ್ನೊಮ್ಮೆ ಬದುಕಿನ ಕಡೆಗೆ ಜೀಕುತ್ತದೆ, ಕರೆಂಟ್ ಬಿಲ್ಲು, ಮಗಳ ಫೀಸು, ಹಸುವಿಗೆ ಹುಲ್ಲು. ಎರಡೂ ಬೇಕು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಎಲ್ಲರೊಡನೆ ನಕ್ಕು ಬಂದವಳು ಮಧ್ಯಾಹ್ನ ಗಂಡನ ಟವೆಲ್ ಹಿಡಿದು ಅತ್ತರೆ ಅವಳಿಗೆ ಹುಚ್ಚು ಹಿಡಿದಿಲ್ಲ. ಬೆಳಿಗ್ಗೆಯ ನಗು ಸುಳ್ಳಲ್ಲ, ಮಧ್ಯಾಹ್ನದ ಅಳು ನಾಟಕವಲ್ಲ. 'ಗಂಡ ಸತ್ತು ಮೂರು ತಿಂಗಳಾಗಿಲ್ಲ, ಆಗಲೇ ನಗ್ತಾಳೆ' ಎಂದು ಜಗಲಿಯ ಮೇಲೆ ಕೂತು ಲೆಕ್ಕ ಹಾಕುವವರಿಗೆ ಇದನ್ನು ದಯವಿಟ್ಟು ತಿಳಿಸಿ.

ತಿರುಮಕೂಡಲು ನರಸೀಪುರದ ಕಡೆ ರೇಷ್ಮೆ ಸಾಕಿದವರಿಗೆ ನಾನು ಹೇಳುವುದು ಇನ್ನೂ ಬೇಗ ಅರ್ಥವಾಗುತ್ತದೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ, ಹೊಸಬರಿಗೆ ಸತ್ತೇಹೋಯಿತೇನೋ ಎನ್ನಿಸುತ್ತದೆ. ಹಳೆಯ ಚರ್ಮ ಕಳಚಿದ ಮೇಲೆ ಏಳುತ್ತದೆ, ಎದ್ದಾಗ ಮೊದಲಿಗಿಂತ ದೊಡ್ಡದಾಗಿರುತ್ತದೆ. ಆ ಕಡೆಯ ತಾಯಿಯೊಬ್ಬರು, ಮಗನನ್ನು ಬೈಕ್ ಅಪಘಾತದಲ್ಲಿ ಕಳೆದುಕೊಂಡವರು, ಒಮ್ಮೆ ನನಗೆ ಹೇಳಿದರು: 'ಜ್ವರಕ್ಕೆ ಕುಂತಾಗ ಸೊಪ್ಪು ಹಾಕುದ್ರೂ ಹುಳ ಕೆಡ್ತದೆ ಸಿಸ್ಟರೇ, ಎದ್ದ ಮ್ಯಾಲೆ ಹಾಕ್ದೆ ಇದ್ರೂ ಕೆಡ್ತದೆ.' ನೆಂಟರೆಲ್ಲ ಮೊದಲ ತಿಂಗಳು ಬಂದು ಬಂದು ಬುದ್ಧಿ ಹೇಳಿದರಂತೆ. ಆಕೆ ಎದ್ದು ಕೂತು, ಇನ್ನೇನು ಮಾಡಲಿ ಎಂದು ಕೇಳುವ ಹೊತ್ತಿಗೆ ಒಬ್ಬರೂ ಇರಲಿಲ್ಲ. ನಾನು ಓದಿದ ಪುಸ್ತಕಗಳಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿಲ್ಲ.

ನೆಂಟರಾಗಿ ಬರುವವರು ಇದನ್ನೇ ನೆನಪಿಡಿ. ಮೊದಲ ದಿನಗಳಲ್ಲಿ ಉಪದೇಶ ಬೇಡ, ಪಕ್ಕದಲ್ಲಿ ಕೂರಿ, ಒಂದು ಲೋಟ ಕಾಫಿ ಕೊಡಿ, ಮಕ್ಕಳಿಗೆ ಊಟಕ್ಕಿಡಿ. 'ಗಟ್ಟಿಯಾಗಿರಬೇಕು' ಎಂಬ ಮಾತಂತೂ ಬೇಡವೇ ಬೇಡ. ನಿಮ್ಮ ನಿಜವಾದ ಕೆಲಸ ಇರುವುದು ಶಿವಗಣಾರಾಧನೆಯ ಶಾಮಿಯಾನ ಬಿಚ್ಚಿದ ಮೇಲೆ, ನಾಲ್ಕನೇ ತಿಂಗಳು, ಏಳನೇ ತಿಂಗಳು, ಮೊದಲ ಯುಗಾದಿ, ಮೊದಲ ಶಿವರಾತ್ರಿ.

ದುಃಖದ ನಂತರ ಮನುಷ್ಯ ಬೆಳೆಯುವುದುಂಟೇ ಎಂದು ಕೇಳಿದೆನಲ್ಲ. ಅಮೆರಿಕದ ರಿಚರ್ಡ್ ಟೆಡೆಸ್ಕಿ, ಲಾರೆನ್ಸ್ ಕ್ಯಾಲ್ಹೂನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದರ ಬೆನ್ನು ಹತ್ತಿದರು. ಮೊದಮೊದಲು ಅವರು ಮಾತನಾಡಿಸಿದವರಲ್ಲಿ ಗಂಡನನ್ನು ಕಳೆದುಕೊಂಡ ಹಿರಿಯ ಹೆಂಗಸರೂ ಇದ್ದರು. 1996ರಲ್ಲಿ ಇದನ್ನು ಅಳೆಯುವ ಒಂದು ಪ್ರಶ್ನಾವಳಿಯನ್ನೇ ಮಾಡಿದರು. ತನ್ನಲ್ಲಿ ಇಷ್ಟು ಶಕ್ತಿ ಇತ್ತೇ ಎಂದು ಗೊತ್ತಾಗುವುದು, ಹೊಸ ದಾರಿ ಕಾಣುವುದು, ಇತರರ ಕಷ್ಟಕ್ಕೆ ಮನಸ್ಸು ಹತ್ತಿರವಾಗುವುದು, ಬದುಕಿನ ಬೆಲೆ ತಿಳಿಯುವುದು, ದೇವರು ಧರ್ಮದ ವಿಚಾರದಲ್ಲಿ ಆಳಕ್ಕೆ ಇಳಿಯುವುದು, ಹೀಗೆ ಐದು ಬಗೆಯ ಬೆಳವಣಿಗೆಯನ್ನು ಅವರು ಕಂಡರು. ಅವರು ಒತ್ತಿ ಹೇಳಿದ ಮಾತೊಂದಿದೆ: ಬೆಳೆದವರಿಗೆ ದುಃಖ ಹೋಗಿರುವುದಿಲ್ಲ. ಎರಡೂ ಒಂದೇ ಮನೆಯಲ್ಲಿ ಇರುತ್ತವೆ. ಸಾವು ಒಳ್ಳೆಯದು ಮಾಡಿತು ಎಂದೂ ಅರ್ಥವಲ್ಲ. ಮತ್ತೆ, ಎಲ್ಲರೂ ಬೆಳೆಯಲೇಬೇಕೆಂಬ ಕಾನೂನೇನೂ ಇಲ್ಲ. 'ನಾನೇನು ಬೆಳೀಲಿಲ್ಲ ಸಿಸ್ಟರ್, ಬದುಕಿದೀನಿ ಅಷ್ಟೆ' ಎಂದ ಅಕ್ಕನೊಬ್ಬರಿಗೆ ನಾನು ಕೈಮುಗಿದೆ. ಮೂರು ಮಕ್ಕಳನ್ನು ಇಟ್ಟುಕೊಂಡು ಬದುಕಿರುವುದಕ್ಕಿಂತ ಹೆಚ್ಚಿನದನ್ನು ಆಕೆಯಿಂದ ಕೇಳಲು ನಾವು ಯಾರು?

ನಮ್ಮ ಕಡೆ ಈ ಬೆಳವಣಿಗೆ ದೊಡ್ಡ ದೊಡ್ಡ ಮಾತಿನಲ್ಲಿ ಕಾಣಿಸುವುದಿಲ್ಲ. ನಂಜನಗೂಡು ತಾಲ್ಲೂಕಿನ ತಾಯಿಯೊಬ್ಬರು, ವಯಸ್ಸು 46 ಇರಬಹುದು. ಊರು ಹೇಳುವುದಿಲ್ಲ. ಬ್ಯಾಂಕು, ಸೊಸೈಟಿ, ಗೊಬ್ಬರದ ಅಂಗಡಿ ಎಲ್ಲ ಯಜಮಾನರೇ ನೋಡಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಪಾಸ್‌ಬುಕ್ಕಿನಲ್ಲಿ ಎಷ್ಟಿದೆ ಎಂದು ಓದಲು ಪಕ್ಕದ ಮನೆಯ ಹುಡುಗನನ್ನು ಕರೆಯಬೇಕಾಯಿತು. ಅವರ ಮೈದುನ, 'ಅತ್ತಿಗೆ, ನಿಮಗ್ಯಾಕೆ ತೊಂದರೆ, ನಾನೇ ನೋಡ್ಕೋತೀನಿ' ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ಆಕೆ, 'ನೋಡ್ಕೊಳಪ್ಪ, ಆದ್ರೆ ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ನೋಡ್ಕೊ' ಎಂದರು. ಎಂಥ ಮಾತು ನೋಡಿ. ಮೊದಲ ಸಲ ಒಬ್ಬರೇ ಬಸ್ಸಿನಲ್ಲಿ ಮೈಸೂರಿಗೆ ಬಂದ ದಿನ ಸಬ್‌ಅರ್ಬನ್ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ಕೂತು ಅತ್ತರಂತೆ. ಎರಡನೇ ಸಲ ಅಳಲಿಲ್ಲ. ಮೂರನೇ ಸಲ ಊರಿನ ಇನ್ನೊಬ್ಬರನ್ನು ತೋರಿಸಲು ಅವರೇ ಆಸ್ಪತ್ರೆಗೆ ಕರೆತಂದರು. ಈಗ ಅವರ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಅವರ ಕೈಯಲ್ಲೇ ಇದೆ. ಯಜಮಾನರ ಹೆಸರು ಬಂದರೆ ಕಣ್ಣಲ್ಲಿ ಈಗಲೂ ನೀರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಟಿಕೆಟ್ಟಿನ ದುಡ್ಡಿಗೆ ಮಗನ ಮುಂದೆ ನಿಲ್ಲುವುದು ತಪ್ಪಿತು. ಇದನ್ನು ನಾನು ರಾಜಕೀಯಕ್ಕೆ ಹೇಳುತ್ತಿಲ್ಲ. ಒಬ್ಬಳೇ ಹೊರಗೆ ಹೋಗಿ ಬರುವ ಅಭ್ಯಾಸ ಔಷಧಿಯಷ್ಟೇ ಕೆಲಸ ಮಾಡುವುದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಇನ್ನೊಂದು ಬಗೆಯ ತಾಯಂದಿರಿದ್ದಾರೆ, ಅವರ ಮಾತನ್ನು ಯಾರೂ ಆಡುವುದಿಲ್ಲ. ಗಂಡ ಕುಡಿಯುತ್ತಿದ್ದ, ಹೊಡೆಯುತ್ತಿದ್ದ, ಆಮೇಲೆ ಹಾಸಿಗೆ ಹಿಡಿದ; ಎಲ್ಲವನ್ನೂ ಸಹಿಸಿ ಸೇವೆ ಮಾಡಿದರು. ಅವನು ಹೋದಾಗ ಅಳುವಿನ ಜೊತೆಗೆ ಒಂದು ಹಗುರ ಬಂತು. ಆ ಹಗುರಕ್ಕೆ ಅವರು ನಾಚಿ ಸಾಯುತ್ತಾರೆ. 'ನಾನು ಎಂಥ ಪಾಪಿ' ಎಂದು ಕಿವಿಯಲ್ಲಿ ಹೇಳುತ್ತಾರೆ. ತಾಯಿ, ನೀವು ಪಾಪಿಯಲ್ಲ. ಇಪ್ಪತ್ತು ವರ್ಷ ತಲೆಯ ಮೇಲೆ ಹೊರೆ ಹೊತ್ತವರು ಇಳಿಸಿದಾಗ ಕುತ್ತಿಗೆ ಹಗುರವಾಗುವುದು ಸಹಜ. ಕುತ್ತಿಗೆ ಹಗುರಾಯಿತೆಂದರೆ ಹೊರೆಯ ಮೇಲೆ ದ್ವೇಷವಿತ್ತು ಎಂದಲ್ಲ. ದುಃಖವೂ ನಿಜ, ಹಗುರವೂ ನಿಜ. ಇದನ್ನು ನಂಬಿಕೆಯವರ ಮುಂದೆ ಒಂದು ಸಲ ಬಾಯಿಬಿಟ್ಟು ಹೇಳಿಕೊಳ್ಳಿ, ನಮ್ಮ ಸಿಸ್ಟರ್‌ಗಳ ಮುಂದಾದರೂ ಆಗಬಹುದು. ಹೇಳಿಕೊಳ್ಳದೆ ಒಳಗಿಟ್ಟವರಿಗೇ ನಿದ್ದೆ ಬರುವುದಿಲ್ಲ.

ನಂಜನಗೂಡಿನವರು ನಿಮ್ಮ ಊರಿನದೇ ಒಂದು ಹೆಸರನ್ನು ಮರೆಯಬಾರದು. ನಂಜನಗೂಡು ತಿರುಮಲಾಂಬ. ಹುಟ್ಟಿದ್ದು 1887ರಲ್ಲಿ. ಹತ್ತು ವರ್ಷಕ್ಕೆ ಮದುವೆ, ಹದಿನಾಲ್ಕಕ್ಕೆ ವಿಧವೆ. ಆ ಕಾಲದಲ್ಲಿ ಅಂಥ ಮಗುವಿಗೆ ಅಡುಗೆಮನೆಯ ಮೂಲೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಆದರೆ ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು, ವಕೀಲರು, ಮಗಳಿಗೆ ಓದಲು ಪುಸ್ತಕ ಕೊಟ್ಟರು, ಬರೆಯಲು ಬಿಟ್ಟರು. ಆಕೆ ಮನೆಯಲ್ಲೇ ಸುತ್ತಮುತ್ತಲ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. 1913ರಲ್ಲಿ 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆ ಆರಂಭಿಸಿ 'ಸುಶೀಲೆ' ಎಂಬ ಕಾದಂಬರಿ ಪ್ರಕಟಿಸಿದರು, ಮುಂದೆ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಹೊಸಗನ್ನಡದ ಮೊದಲ ಲೇಖಕಿಯರಲ್ಲಿ, ಮೊದಲ ಪತ್ರಕರ್ತೆ ಮತ್ತು ಪ್ರಕಾಶಕಿಯಾಗಿ ಅವರ ಹೆಸರು ನಿಂತಿದೆ. 1982ರಲ್ಲಿ ತೀರಿಕೊಂಡಾಗ 95 ವರ್ಷ.

ಅವರದು ಬಾಲ್ಯದ ವೈಧವ್ಯ, ನಿಮ್ಮದು ನಡುವಯಸ್ಸಿನದು, ಎರಡೂ ಒಂದೇ ಅಲ್ಲ. ಎಲ್ಲರೂ ಕಾದಂಬರಿ ಬರೆಯಬೇಕೆಂದೂ ನಾನು ಹೇಳುತ್ತಿಲ್ಲ. ನಾನು ತೋರಿಸಬೇಕೆಂದಿರುವುದು ಆ ತಂದೆಯನ್ನು. ಹುಡುಗಿಯಲ್ಲಿ ಪ್ರತಿಭೆ ಇತ್ತು, ನಿಜ. ಆದರೆ ಅಂಥ ಪ್ರತಿಭೆಯ ಎಷ್ಟು ಹುಡುಗಿಯರು ಅದೇ ಅಗ್ರಹಾರದ ಕತ್ತಲೆ ಕೋಣೆಗಳಲ್ಲಿ ಹೆಸರಿಲ್ಲದೆ ಹೋಗಿರಬಹುದು? ಬೆಳೆಯುವುದು ಒಬ್ಬಳ ಮನೋಬಲದಿಂದ ಮಾತ್ರ ಆಗುವುದಿಲ್ಲ. ಸುತ್ತಲಿನವರು ಬಾಗಿಲು ಹಾಕದೆ ಇರಬೇಕು. ಆದ್ದರಿಂದ ಇವತ್ತಿನ ನನ್ನ ಮಾತು ತಾಯಂದಿರಿಗಿಂತ ಹೆಚ್ಚಾಗಿ ಅವರನ್ನು ಕರೆತಂದಿರುವ ಮಗನಿಗೆ, ಸೊಸೆಗೆ, ಮೈದುನನಿಗೆ, ಅತ್ತೆಗೆ.

ಬಾಗಿಲು ಹಾಕುವ ಮೊದಲ ಕೆಲಸ ಹನ್ನೊಂದನೇ ದಿನದ ಒಳಗೇ ಆಗುತ್ತದೆ. ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಹೂವು ತೆಗೆಯುವುದು. ಮಾಡುವವರೂ ಹೆಂಗಸರೇ. ಇದು ಮಠದ ಆಸ್ಪತ್ರೆ, ಶರಣರ ಹೆಸರು ಹೇಳಿ ಕೆಲಸ ಮಾಡುವ ಜಾಗ, ಹಾಗಾಗಿ ಕೇಳುತ್ತೇನೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಇಲ್ಲ ಎಂದ ಧರ್ಮ ನಮ್ಮದು. ಗುರು, ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕ, ಪ್ರಸಾದ ಎಂಬ ಅಷ್ಟಾವರಣದಲ್ಲಿ ಗಂಡ ಹೋದನೆಂದು ಹೆಂಡತಿಯಿಂದ ಕಿತ್ತುಕೊಳ್ಳಬೇಕಾದದ್ದು ಯಾವುದಿದೆ? ಕೊರಳಿನ ತಾಳಿ ಹೋಗಬಹುದು, ಇಷ್ಟಲಿಂಗ ಹೋಗುವುದಿಲ್ಲ. ಅದು ಅವಳದು, ಅವಳ ಕೊನೆಯ ಉಸಿರಿನವರೆಗೂ, ಆಮೇಲೂ. ಹನ್ನೆರಡನೆಯ ಶತಮಾನದಲ್ಲೇ ಇಷ್ಟು ತೀರ್ಮಾನವಾಗಿರುವಾಗ ನಾವು ಯಾರ ಮನೆಯ ಪದ್ಧತಿಯನ್ನು ನಡೆಸುತ್ತಿದ್ದೇವೆ? ಬೇರೆ ಸಮುದಾಯದವರೂ ಇಲ್ಲಿ ಕುಳಿತಿದ್ದೀರಿ, ನಿಮ್ಮ ಹಿರಿಯರಲ್ಲೂ ಇದನ್ನು ಕೇಳಿ. ನೆರೆಯ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಹಳ್ಳಿಯ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಈ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಯನ್ನೇ ಬೇಡವೆಂದು ನಿರ್ಣಯ ಮಾಡಿತು. ಅದೇ ತಿಂಗಳು ಅಲ್ಲಿನ ಸರ್ಕಾರ ಉಳಿದ ಪಂಚಾಯಿತಿಗಳೂ ಹಾಗೆ ಮಾಡಲಿ ಎಂದು ಸುತ್ತೋಲೆ ಹೊರಡಿಸಿತು. ತಾನಾಗಿಯೇ ಕುಂಕುಮ ಬೇಡ ಎನ್ನುವ ತಾಯಿಗೆ ಇಡಿ ಎಂದು ಬಲವಂತ ಮಾಡುವುದೂ ಸರಿಯಲ್ಲ. ಹಣೆ ಅವಳದು. ಸೀಮಂತಕ್ಕೆ, ಗೃಹಪ್ರವೇಶಕ್ಕೆ ಕರೆದು ಮೂಲೆಯಲ್ಲಿ ಕೂರಿಸುವ ಬದಲು ಆರತಿ ತಟ್ಟೆಯನ್ನು ಅವಳ ಕೈಗೆ ಕೊಡಿ. ಒಂದು ಸಲ ಒಬ್ಬರು ಕೊಟ್ಟರೆ ಎರಡನೇ ಮನೆಯಲ್ಲಿ ಕೊಡುವುದು ಸುಲಭ.

ಬಾಗಿಲು ಹಾಕುವ ಎರಡನೆಯ ಕೆಲಸ ಕಾಗದದಲ್ಲಿ ನಡೆಯುತ್ತದೆ. ನರ್ಸಿಗೆ ಕಾಗದದ ಉಸಾಬರಿ ಏಕೆ ಎನ್ನಬೇಡಿ. ನಿದ್ದೆ ಬಾರದೆ ಬರುವ ತಾಯಂದಿರಲ್ಲಿ ಎಷ್ಟೋ ಜನರ ನಿದ್ದೆ ಹೋಗಿರುವುದು ಇದರಿಂದಲೇ. ಕಣ್ಣೀರು ಒಣಗುವ ಮೊದಲೇ, 'ಇಲ್ಲೊಂದು ಸಹಿ ಹಾಕವ್ವ' ಎಂದು ಹಕ್ಕುಬಿಡುಗಡೆ ಪತ್ರ ಮುಂದಿಡುವವರಿದ್ದಾರೆ. ಓದದೆ ಸಹಿ ಬೇಡ, ಹೆಬ್ಬೆಟ್ಟೂ ಬೇಡ. ಕನಿಷ್ಠ ಮೊದಲ ಆರು ತಿಂಗಳು ಜಮೀನು, ಮನೆ, ಒಡವೆಯ ಯಾವ ದೊಡ್ಡ ತೀರ್ಮಾನವೂ ಬೇಡ ಎಂಬುದು ನನ್ನ ಅಭಿಪ್ರಾಯ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡವರ ಸ್ವಂತ ಆಸ್ತಿಯಲ್ಲಿ ಹೆಂಡತಿಗೆ ಮಕ್ಕಳಷ್ಟೇ ಸಮನಾದ ಪಾಲಿದೆ, ತೀರಿಕೊಂಡವರ ತಾಯಿ ಇದ್ದರೆ ಅವರಿಗೂ ಅಷ್ಟೇ ಪಾಲು. ಹೆಂಗಸರ ಆಸ್ತಿ ಹಕ್ಕಿನ ಕಾಯ್ದೆಯನ್ನು ನಮ್ಮ ಮೈಸೂರು ಸಂಸ್ಥಾನ ಅದಕ್ಕೂ ಮೊದಲು, 1933ರಲ್ಲೇ ಮಾಡಿತ್ತು. ಮರಣದ ನೋಂದಣಿಯನ್ನು 21 ದಿನದೊಳಗೆ ಮಾಡಿಸಿ, ಆಮೇಲೆ ಓಡಾಟ ಹೆಚ್ಚು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಇಟ್ಟುಕೊಂಡು ಪೌತಿ ಖಾತೆಗೆ ಅರ್ಜಿ ಹಾಕಿ, ಪಹಣಿಯಲ್ಲಿ ನಿಮ್ಮ ಹೆಸರು ಬಂದಿದೆಯೇ ನೋಡಿಸಿ. ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಕೇಳಿ. ಮೊತ್ತ ದೊಡ್ಡದಲ್ಲ, ಆದರೆ ಅದು ನಿಮ್ಮ ಹೆಸರಿನ ಖಾತೆಗೆ ಬರುತ್ತದೆ. ಸಾಧ್ಯವಾದರೆ ಈ ಕಚೇರಿಗಳಿಗೆ ನೀವೇ ಹೋಗಿ, ಮಗನನ್ನು ಜೊತೆಗೆ ಕರೆದುಕೊಳ್ಳಿ. ಮಗನನ್ನು ಕಳಿಸಿ ನೀವು ಮನೆಯಲ್ಲಿ ಕೂರಬೇಡಿ.

ಎಲ್ಲ ದುಃಖವೂ ತಾನಾಗಿ ತಿಳಿಯಾಗುವುದಿಲ್ಲ, ಅದನ್ನೂ ಹೇಳಬೇಕು. ಆರು ತಿಂಗಳು ಕಳೆದರೂ ದಿನದ ಹೆಚ್ಚು ಹೊತ್ತು ಅದೇ ಹಂಬಲ, ಮನೆಗೆಲಸವೂ ಆಗದ ಸ್ಥಿತಿ, ಸಾವನ್ನು ಒಪ್ಪಲೇ ಆಗದಿರುವುದು, ಬದುಕಿಗೆ ಅರ್ಥವೇ ಇಲ್ಲ ಎನ್ನಿಸುವುದು ಇದ್ದರೆ ಅದಕ್ಕೆ ಈಗ ವೈದ್ಯಶಾಸ್ತ್ರದಲ್ಲಿ ದೀರ್ಘಕಾಲದ ದುಃಖದ ಕಾಯಿಲೆ ಎಂದೇ ಹೆಸರಿದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಅದು ಸೇರಿದೆ. ಚಿಕಿತ್ಸೆಯೂ ಇದೆ. 2021ರ ಮೇ ತಿಂಗಳಲ್ಲಿ ಕೊರೋನಾದಿಂದ ಮನೆಯವರನ್ನು ಕಳೆದುಕೊಂಡು, ಮುಖ ನೋಡಲಾಗದೆ, ಮಣ್ಣು ಹಾಕಲಾಗದೆ ಉಳಿದವರಲ್ಲಿ ಇಂಥ ದುಃಖ ಕಂಡಿದ್ದೇವೆ. ಅವರು ಈಗ ಬಂದರೂ ತಡವಾಯಿತು ಎಂದು ಯಾರೂ ಅನ್ನುವುದಿಲ್ಲ. ಆತ್ಮಹತ್ಯೆಯಲ್ಲಿ ಮನೆಯವರನ್ನು ಕಳೆದುಕೊಂಡವರೂ ಹಾಗೆಯೇ. ಅವರ ದುಃಖಕ್ಕೆ ಊರ ಮಾತೂ ಸೇರಿರುತ್ತದೆ, ಒಬ್ಬರೇ ಹೊರುವುದು ಕಷ್ಟ.

ಸಾಯಬೇಕು ಎನ್ನಿಸಿದರೆ ಮಾತ್ರ ಆರು ತಿಂಗಳು ಕಾಯುವ ಮಾತೇ ಇಲ್ಲ, ಅದೇ ದಿನ ಹೇಳಿ. 'ನಾನೂ ಅವರ ಹಿಂದೆಯೇ ಹೋಗ್ತೀನಿ' ಎಂದು ತಾಯಿ ಅಂದರೆ ಮನೆಯವರು ಅದನ್ನು ಮಾತಿಗೆ ಅಂದದ್ದು ಎಂದು ಬಿಡಬಾರದು. ಪಕ್ಕದಲ್ಲಿರಿ, ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯಿಂದ ಹೊರಗೆ ಬೀಗದಲ್ಲಿಡಿ, ಕರೆದುಕೊಂಡು ಬನ್ನಿ. ರಾತ್ರಿಯಾಗಿದ್ದರೆ ಫೋನಿನಲ್ಲಿ 14416 ಒತ್ತಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಉಚಿತ ಸೇವೆ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡುತ್ತಾರೆ, ಹೆಸರು ಹೇಳಬೇಕೆಂದೂ ಇಲ್ಲ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ.

ಹೋದ ಸಲ ಒಬ್ಬರು ಕೊನೆಯಲ್ಲಿ ಕೇಳಿದ್ದರು, 'ಈ ವಯಸ್ಸಿನಲ್ಲಿ ಹೊಸದಾಗಿ ಏನು ಕಲಿಯೋದು ಸಿಸ್ಟರ್?' ಏನಾದರೂ ಆಗಬಹುದು. ಸಹಿ ಹಾಕುವುದು, ಎಟಿಎಂನಲ್ಲಿ ದುಡ್ಡು ತೆಗೆಯುವುದು, ಯಜಮಾನರ ಸ್ಕೂಟಿ ಓಡಿಸುವುದು, ಅಕ್ಕನ ಬಳಗಕ್ಕೆ ಸೇರಿ ವಚನ ಹಾಡುವುದು, ಅರ್ಧಕ್ಕೆ ನಿಂತ ಎಸ್ಸೆಸ್ಸೆಲ್ಸಿ ಕಟ್ಟುವುದು. ಒಂದೇ ಒಂದು ನಿಯಮ, ಅದು ನಿಮಗೆ ಬೇಕಾದದ್ದಾಗಿರಬೇಕು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬೆಂಗಳೂರಿಗೆ ಹೋಗುವುದೂ ಒಳ್ಳೆಯದೇ, ನೀವು ಇಷ್ಟಪಟ್ಟರೆ. 'ಅವ್ವ ಹೇಗೂ ಒಬ್ಬಳೇ ಇದ್ದಾಳಲ್ಲ' ಎಂದು ಮಕ್ಕಳೇ ತೀರ್ಮಾನಿಸಿ ಮನೆಗೆ ಬೀಗ ಹಾಕಿಸುವುದಾದರೆ, ಒಂದು ತಿಂಗಳು ಇದ್ದು ನೋಡುತ್ತೇನೆ ಎನ್ನಿ. ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.

ನಮ್ಮ ವಿದ್ಯಾರ್ಥಿನಿಯರು ಹಿಂದಿನ ಮೇಜಿನ ಹತ್ತಿರ ಬಿಪಿ ನೋಡುವ ಯಂತ್ರ ಇಟ್ಟುಕೊಂಡು ಕುಳಿತಿದ್ದಾರೆ. ರೋಗಿಗಳಿಗೆ ಮಾತ್ರವಲ್ಲ, ಬೇರೆಯವರ ಫೈಲು ಹಿಡಿದು ಬಂದಿರುವ ತಾಯಂದಿರೂ ಬನ್ನಿ. ಫೈಲನ್ನು ಸ್ವಲ್ಪ ಹೊತ್ತು ಪಕ್ಕದವರ ಕೈಗೆ ಕೊಟ್ಟು, ಎಡಗೈ ರವಿಕೆಯ ತೋಳು ಮೇಲೆ ಮಾಡಿಕೊಂಡು, ಐದು ನಿಮಿಷ ಮಾತನಾಡದೆ ಕುಳಿತುಕೊಳ್ಳಿ. ಯಾವ ಮಾತ್ರೆ ಯಾವಾಗಿನಿಂದ ಬಿಟ್ಟಿದ್ದೀರಿ ಎಂದು ಅವರು ಕೇಳಿದಾಗ ನಿಜ ಹೇಳಿ, ಯಾರೂ ಬೈಯುವುದಿಲ್ಲ.